ನಾಗರಹಾವು ಪೂರ್ತಿ ಚೌಕಟ್ಟಲ್ಲಿ ನೋಡಿ ಮರುದಿನ ದುರ್ಗದ ಕೋಟೆ ಹತ್ತೋದು: ಯಾವ ಪ್ರತಿ, ಯಾವ ದಾರಿ?

ಬೆಣ್ಣೆನಗರಿ
ಎಲ್ಲರಿಗೂ ನಮಸ್ಕಾರ. ಜೀವಮಾನಕ್ಕೆ ಒಂದೇ ಸಿನಿಮಾ ಅಂದ್ರೆ ನಮ್ಮ ಕಡೆ ಹತ್ತರಲ್ಲಿ ಏಳು ಜನ ‘ನಾಗರಹಾವು’ ಅಂತಾರೆ. ದಾವಣಗೆರೆಯಲ್ಲಿ ಒಂದು ಮಹಡಿ ಮೇಲೆ ನಲವತ್ತು ಜನಕ್ಕೆ ಅದನ್ನ ತೋರಿಸಿ, ಮರುದಿನ ಬೆಳಿಗ್ಗೆ ಎಲ್ಲರನ್ನೂ ಚಿತ್ರದುರ್ಗಕ್ಕೆ ಕರ್ಕೊಂಡು ಹೋಗಿ ಅದೇ ಬಂಡೆಗಳ ನಡುವೆ ನಿಲ್ಲಿಸಬೇಕು ಅನ್ನೋ ಯೋಜನೆ. ಬರೋರಲ್ಲಿ ಅರ್ಧಕ್ಕರ್ಧ ಜನ ಈ ಚಿತ್ರವನ್ನ ಫೋನಿನಲ್ಲಿ ತುಂಡು ತುಂಡಾಗಿ ಮಾತ್ರ ನೋಡಿರೋರು. ಕೇಳಬೇಕಾಗಿರೋದು ಮೂರು: 1) ಹಳೇ ಟಿವಿ ಪ್ರತಿ ತೋರಿಸಬೇಕೋ, 2018ರ ಹೊಸ ಪ್ರತಿಯೋ? 2) ಪ್ರೊಜೆಕ್ಟರ್, ಪರದೆ, ಸೌಂಡ್ ಹೇಗೆ? 3) ಕೋಟೆಯಲ್ಲಿ ಯಾವ ಕ್ರಮದಲ್ಲಿ ಹೋದ್ರೆ ಸಿನಿಮಾ ಕಣ್ಣಿಗೆ ಕಟ್ಟುತ್ತೆ?

ದುರ್ಗದ_ಹುಲಿಕಲ್ಲು
ಹೊಸ ಪ್ರತಿ ಹಾಕ್ರಿ, ಮುಗೀತು. ಬಣ್ಣ ಚೆನ್ನಾಗೈತೆ, ಸೌಂಡು ಚೆನ್ನಾಗೈತೆ. ಹಳೇದರಲ್ಲಿ ಎಲ್ಲಾ ಗುಲಾಬಿ ಗುಲಾಬಿ.

ರೀಲು_ಪೆಟ್ಟಿಗೆ
ಮುಗಿಯಲ್ಲ ಹುಲಿಕಲ್ಲು ಅವರೇ, ಅಸಲು ವಿಷಯ ಇಲ್ಲಿಂದಲೇ ಶುರು.

‘ನಾಗರಹಾವು’ ಬಂದಿದ್ದು 1972ರ ಡಿಸೆಂಬರ್ ಕೊನೆಯಲ್ಲಿ. ಕನ್ನಡದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದಿದ್ದು 1977ರಲ್ಲಿ. ಅಂದಮೇಲೆ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಮತ್ತು ಛಾಯಾಗ್ರಾಹಕ ಚಿಟ್ಟಿಬಾಬು ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದ ಚೌಕಟ್ಟು ಆ ಕಾಲದ ಮಾಮೂಲಿ 35 ಎಂಎಂ ಚೌಕಟ್ಟು: ಎತ್ತರ 1 ಆದರೆ ಅಗಲ 1.37. 2018ರ ಜುಲೈನಲ್ಲಿ ಮರುಬಿಡುಗಡೆ ಆದಾಗ ಅದನ್ನ ಸ್ಕೋಪ್ ಅಳತೆಗೆ, ಅಂದ್ರೆ 2.35ಕ್ಕೆ ತಂದರು. ಅಗಲ ಹೊಸದಾಗಿ ಎಲ್ಲಿಂದಲೂ ಬರಲ್ಲ. ಮೇಲೆ ಕೆಳಗೆ ಕತ್ತರಿಸಲೇಬೇಕು. ಲೆಕ್ಕ ಹಾಕ್ರಿ: 1.37ನ್ನ 2.35ರಿಂದ ಭಾಗಿಸಿದರೆ 0.58. ನೂರರಲ್ಲಿ 42 ಭಾಗ ಎತ್ತರ ಹೋಯಿತು!

ಬೇರೆ ಚಿತ್ರ ಆಗಿದ್ದರೆ ಸೂರು, ನೆಲ ಹೋಯ್ತು ಅಂತ ಸುಮ್ಮನಿರಬಹುದಿತ್ತು. ಇಲ್ಲಿ ಹೋಗೋದು ದುರ್ಗದ ಬಂಡೆ. ನಾಯಕ ರಾಮಾಚಾರಿ ಕೆಳಗೆ ಸಣ್ಣಕ್ಕೆ ನಿಂತಿರ್ತಾನೆ, ತಲೆ ಮೇಲೆ ಮೂರು ಆಳು ಎತ್ತರದ ಗುಂಡು. ಆ ಹುಡುಗನ ಸಿಟ್ಟು, ಹಟ ಎಲ್ಲಾ ಆ ಎತ್ತರದ ಎದುರಿಗೇ ಅರ್ಥ ಆಗೋದು. ಮೇಲಿನ ಬಂಡೆ ಕತ್ತರಿಸಿದರೆ ಉಳಿಯೋದು ಬರೀ ಒಬ್ಬ ಸುಂದರ ನಟ.

ದುರ್ಗದ_ಹುಲಿಕಲ್ಲು
ಹಂಗಂತ ಮಸುಕು ಪ್ರತಿ ತೋರಿಸಿ ಹೊಸ ಹುಡುಗ್ರನ್ನ ಓಡಿಸ್ತೀರಾ? ಬಣ್ಣವೇ ಇಲ್ಲದ ಮೇಲೆ ಬಂಡೆ ಎಷ್ಟು ಎತ್ತರ ಇದ್ದರೇನು?

ಹಳೇ_ಆಪರೇಟರ್
ಗುಲಾಬಿ ಯಾಕಾಗುತ್ತೆ ಅಂತ ಹೇಳ್ತೀನಿ. ಬಣ್ಣದ ಪ್ರಿಂಟಿನಲ್ಲಿ ಮೂರು ಪದರ: ಹಳದಿ, ಕೆನ್ನೀಲಿ, ಹಸಿರುನೀಲಿ. ಆ ಕಾಲದ ಈಸ್ಟ್‌ಮನ್ ಪ್ರಿಂಟುಗಳಲ್ಲಿ ಮೊದಲು ಸೋಲೋದು ಹಸಿರುನೀಲಿ ಬಣ್ಣ. ಅದು ಮಾಸಿದರೆ ಕಾಡು, ಆಕಾಶ, ಬಂಡೆಯ ಬೂದು ಎಲ್ಲಾ ಕೆಂಪಿಗೆ ತಿರುಗುತ್ತೆ. ಬಿಸಿಲು ನಾಡಿನ ಗೋದಾಮಿನಲ್ಲಿ ಸೆಕೆಗೆ ಇನ್ನೂ ಬೇಗ. ಟಿವಿ ಪ್ರತಿಗಳನ್ನ ಬಹಳ ಸಲ ಇಂಥ ಓಡಿ ಸವೆದ ಪ್ರಿಂಟಿನಿಂದಲೇ ಇಳಿಸೋದು, ಅದಕ್ಕೇ ಹಂಗೆ ಕಾಣುತ್ತೆ.

ಇದನ್ನ ಪ್ರೊಜೆಕ್ಟರ್‌ನಲ್ಲೇ ಸ್ವಲ್ಪ ಸರಿಮಾಡಬಹುದು. ಬಣ್ಣದ ಸೆಟ್ಟಿಂಗಿಗೆ ಹೋಗಿ ಕೆಂಪಿನ ಗೇನ್ ಐದಾರು ಅಂಕ ಇಳಿಸಿ, ಬಿಳಿ ಪಂಚೆ ಇರೋ ಒಂದು ದೃಶ್ಯ ನಿಲ್ಲಿಸಿ ನೋಡ್ರಿ. ಚಾಮಯ್ಯ ಮೇಷ್ಟ್ರು ಇರೋ ದೃಶ್ಯ ಇದಕ್ಕೆ ಸಾಕು. ಪಂಚೆ ಬಿಳಿಯಾದ ಕ್ಷಣ ನಿಲ್ಲಿಸಿಬಿಡಿ. ಇನ್ನೂ ಇಳಿಸಿದರೆ ಮುಖಗಳು ಹಸಿರಾಗುತ್ತವೆ. ಕಪ್ಪು ಜಾಗದ ಕೆಂಪು ಮಾತ್ರ ಹೋಗಲ್ಲ, ಅಲ್ಲಿ ಹಸಿರುನೀಲಿಯೇ ಉಳಿದಿರಲ್ಲ.

ತರಾಸು_ಓದುಗ
ರೀಲು ಪೆಟ್ಟಿಗೆ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹಾಗೇ ಒಂದು ಮಾತು: ನಲವತ್ತು ಜನಕ್ಕೆ ತೋರಿಸೋ ಮೊದಲು ಕಥೆ ಮೂರು ಕಾದಂಬರಿಗಳದ್ದು ಅಂತ ಹೇಳಿಬಿಡಿ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’. ಮೂರನ್ನೂ ತ.ರಾ.ಸು. ಬರೆದಿದ್ದು. ಅಲಮೇಲು ಒಂದು ಕಡೆ, ಮಾರ್ಗರೆಟ್ ಇನ್ನೊಂದು ಕಡೆ, ಸಿನಿಮಾ ಮಧ್ಯಕ್ಕೆ ಬಂದಾಗ ಇನ್ನೊಂದು ಕಥೆ ಶುರುವಾದ ಹಾಗೆ ಯಾಕೆ ಅನ್ನಿಸುತ್ತೆ ಅಂತ ಕೇಳೋರಿಗೆ ಇದೇ ಉತ್ತರ.

ಜಾಲಿಕಟ್ಟೆ_ಗಾಳಿ
ಆದರೆ ತ.ರಾ.ಸು. ಅವರಿಗೇ ಸಿನಿಮಾ ಸೇರಲಿಲ್ಲ. ನಾಗರಹಾವನ್ನ ಕೇರೆಹಾವು ಮಾಡಿದ್ದಾರೆ ಅಂದಿದ್ದು ಊರಿಗೆಲ್ಲಾ ಗೊತ್ತು.

ತರಾಸು_ಓದುಗ
ಗೊತ್ತು. ಆ ಸಿಟ್ಟಿಗೆ ಕಾರಣವೂ ಇದೆ. ಕಾದಂಬರಿ ಓದಿದರೆ ರಾಮಾಚಾರಿಯ ಒಳಗಿನ ಗೊಂದಲ ಪುಟಗಟ್ಟಲೆ ಸಿಗುತ್ತೆ. ತೆರೆಯ ಮೇಲೆ ಅದೇ ಗೊಂದಲವನ್ನ ವಿಷ್ಣುವರ್ಧನ್ ಕಣ್ಣು, ಬಂಡೆ, ವಿಜಯಭಾಸ್ಕರ್ ಸಂಗೀತ ಈ ಮೂರರಲ್ಲೇ ಹೇಳಬೇಕು. ಮೂರು ಪುಸ್ತಕ ಮೂರು ಗಂಟೆಗೆ ಇಳಿಸುವಾಗ ಯಾವ ಲೇಖಕನಿಗೂ ಹೊಟ್ಟೆ ಉರಿಯುತ್ತೆ. ಆದರೂ ಗುರುಶಿಷ್ಯರ ಎಳೆಯನ್ನ ಪುಟ್ಟಣ್ಣ ಬಿಡಲಿಲ್ಲ. ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು, ಲೀಲಾವತಿ ಅವರ ತುಂಗಮ್ಮ ಇಲ್ಲದೆ ಆ ಹುಡುಗನ ಕೊನೆ ನಮ್ಮನ್ನ ಹೀಗೆ ಹಿಡಿದುಕೊಳ್ತಿರಲಿಲ್ಲ.

ಬೆಣ್ಣೆನಗರಿ
ತ.ರಾ.ಸು. ನಮ್ಮ ದಾವಣಗೆರೆ ಕಡೆಯೋರು ಅಂತಲೂ ಹೇಳ್ತಾರಲ್ಲ?

ದುರ್ಗದ_ಹುಲಿಕಲ್ಲು
ಶುರುವಾಯ್ತು. ಹೆಸರಲ್ಲೇ ತಳುಕು ಐತೆ ಕಣ್ರಿ, ಚಳ್ಳಕೆರೆ ತಾಲ್ಲೂಕು.

ತರಾಸು_ಓದುಗ
ಇಬ್ಬರೂ ಸರಿ. ಮನೆತನ ತಳುಕಿನದು, ಹುಟ್ಟಿದ್ದು 1920ರಲ್ಲಿ ಮಲೇಬೆನ್ನೂರಿನಲ್ಲಿ. ಮಲೇಬೆನ್ನೂರು ಈಗ ದಾವಣಗೆರೆ ಜಿಲ್ಲೆ, ಆದರೆ ಆ ಜಿಲ್ಲೆ ಆಗಿದ್ದೇ 1997ರಲ್ಲಿ. ಜಗಳ ಬೇಡ, ಸಿನಿಮಾಕ್ಕೆ ಬನ್ನಿ.

ರೀಲು_ಪೆಟ್ಟಿಗೆ
ಪ್ರತಿ ಆರಿಸೋ ವಿಧಾನ ಹೇಳಿಬಿಡ್ತೀನಿ, ಯಾರೂ ಮೋಸ ಹೋಗಬೇಡಿ.

ಮೊದಲು ಶೀರ್ಷಿಕೆ ಪಟ್ಟಿ ಬರೋ ಜಾಗ ನಿಲ್ಲಿಸಿ. ಅಕ್ಷರಗಳು ಮೇಲಿನ ಅಥವಾ ಕೆಳಗಿನ ಅಂಚಿಗೆ ತಾಗ್ತಿದ್ದರೆ ಕತ್ತರಿಸಿದ ಪ್ರತಿ. ಆಮೇಲೆ ಹತ್ತಿರದ ಮುಖ ನೋಡಿ. ಹಣೆ ಅರ್ಧ ಹೋಗಿದ್ದರೆ ಅದೂ ಕತ್ತರಿಯೇ. ಇನ್ನೊಂದು ರೋಗ ಎಳೆದಿರೋದು: 4:3 ಚಿತ್ರವನ್ನ (ಆ 1.37ಕ್ಕೆ ಹತ್ತಿರದ ಅಳತೆ) 16:9ರ ಅಗಲ ಪರದೆ ತುಂಬೋ ಹಾಗೆ ಅಡ್ಡಕ್ಕೆ ಹಿಗ್ಗಿಸಿರ್ತಾರೆ. ಸೈಕಲ್ ಚಕ್ರ, ಬಳೆ, ಹಣೆಯ ಕುಂಕುಮ, ಯಾವುದಾದರೂ ದುಂಡನೆಯದು ಹುಡುಕಿ. ಮೊಟ್ಟೆಯಾಕಾರ ಕಂಡರೆ ಹಿಗ್ಗಿಸಿದ್ದಾರೆ. ಇದಕ್ಕೆ ಮಾತ್ರ ಮದ್ದಿದೆ, ಪ್ಲೇಯರ್‌ನಲ್ಲಿ ಅನುಪಾತ 4:3 ಅಂತ ಕೊಟ್ಟರೆ ವಾಪಸ್ ಸರಿಯಾಗುತ್ತೆ. ಕತ್ತರಿಸಿದ್ದಕ್ಕೆ ಮದ್ದಿಲ್ಲ.

16:9ಕ್ಕೆ ಕತ್ತರಿಸಿದ ಪ್ರತಿಯಲ್ಲಿ ಹೋಗೋದು ಸುಮಾರು ಕಾಲು ಭಾಗ. ಸ್ಕೋಪಿಗಿಂತ ವಾಸಿ. ಎಡಬಲ ಕಪ್ಪು ಪಟ್ಟಿ ಇರೋ 4:3 ಪ್ರತಿ ಸಿಕ್ಕರೆ ಬಣ್ಣ ಸ್ವಲ್ಪ ಕಮ್ಮಿ ಇದ್ದರೂ ಅದನ್ನೇ ಹಾಕಿ. ನಲವತ್ತು ಜನ ಮರುದಿನ ಅದೇ ಬಂಡೆ ಕೆಳಗೆ ನಿಲ್ಲೋರು, ಅವರಿಗೆ ಎತ್ತರ ಕಾಣಲೇಬೇಕು.

ನ್ಯಾಯದ_ತಕ್ಕಡಿ
ಹಾಕಿ ಹಾಕಿ ಅಂತೀರಿ, ಅನುಮತಿ? ಮನೆ ಮಂದಿ ಕೂತು ನೋಡೋದು ಬೇರೆ, ಹೊರಗಿನ ನಲವತ್ತು ಜನಕ್ಕೆ ಸಾರ್ವಜನಿಕವಾಗಿ ತೋರಿಸೋದು ಬೇರೆ. ಟಿಕೆಟ್ ಇಲ್ಲ ಅಂದಮಾತ್ರಕ್ಕೆ ಹಕ್ಕು ನಮ್ಮದಾಗಲ್ಲ. ಎನ್. ವೀರಸ್ವಾಮಿ ಅವರ ಈಶ್ವರಿ ಪ್ರೊಡಕ್ಷನ್ಸ್ ಚಿತ್ರ ಇದು. ಹಕ್ಕು ಈಗ ಯಾರ ಹತ್ತಿರ ಇದೆ ಅಂತ ವಿಚಾರಿಸಿ, ತೋರಿಸೋ ಜಾಗ, ದಿನಾಂಕ, ಎಷ್ಟು ಜನ, ಹಣ ತಗೊಳ್ತೀರೋ ಇಲ್ವೋ, ಯಾವ ಪ್ರತಿ, ಈ ಐದೂ ಬರೆದು ಕೇಳಿ. ಕೇಳುವಾಗಲೇ ಪೂರ್ತಿ ಚೌಕಟ್ಟಿನ ಪ್ರತಿ ಸಿಗುತ್ತಾ ಅಂತಲೂ ಸೇರಿಸಿ.

ಬೆಣ್ಣೆನಗರಿ
ಅನುಮತಿ ಕೇಳಿಯೇ ಮುಂದಿನ ಹೆಜ್ಜೆ. ಪರದೆ ಎಂಟು ಅಡಿ ಅಗಲ, ಆರು ಅಡಿ ಎತ್ತರ ಅಂದ್ಕೊಂಡಿದ್ದೀವಿ. ಪ್ರೊಜೆಕ್ಟರ್ 16:9, 3000 ಲ್ಯೂಮೆನ್ಸ್, ಥ್ರೋ ಅನುಪಾತ (ದೂರವನ್ನ ಅಗಲದಿಂದ ಭಾಗಿಸಿದ್ದು) 1.5. ಎಂಟನ್ನ 1.5ರಿಂದ ಗುಣಿಸಿ ಹನ್ನೆರಡು ಅಡಿ ದೂರ ಇಟ್ಟರೆ ಸಾಕಲ್ಲ?

ಹಳೇ_ಆಪರೇಟರ್
ಸಾಲದು! ಎಲ್ಲರೂ ಎಡವೋದು ಇಲ್ಲೇ. ಥ್ರೋ ಲೆಕ್ಕ ಪ್ರೊಜೆಕ್ಟರ್‌ನ ಪೂರ್ತಿ 16:9 ಬೆಳಕಿನ ಅಗಲಕ್ಕೆ, ನಿಮ್ಮ 4:3 ಚಿತ್ರದ ಅಗಲಕ್ಕಲ್ಲ. ಹನ್ನೆರಡು ಅಡಿಯಲ್ಲಿಟ್ಟರೆ ಎಂಟಡಿ ಅಗಲದ ಬೆಳಕಿನೊಳಗೆ ಆರು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಚಿತ್ರ ಬರುತ್ತೆ ಅಷ್ಟೆ.

ಆರು ಅಡಿ ಎತ್ತರ ಬೇಕಂದ್ರೆ 16:9 ಬೆಳಕಿನ ಅಗಲ 10 ಅಡಿ 8 ಅಂಗುಲ. ಅದನ್ನ 1.5ರಿಂದ ಗುಣಿಸಿ: ಹದಿನಾರು ಅಡಿ. ಪರದೆಯ ಎರಡೂ ಬದಿ 16 ಅಂಗುಲ ಅಗಲದ ಕಪ್ಪು ಬಟ್ಟೆ ಇಳಿಬಿಡಿ. ಪ್ರೊಜೆಕ್ಟರ್‌ನ ‘ಕಪ್ಪು’ ನಿಜವಾದ ಕಪ್ಪಲ್ಲ, ಬೂದು. ಬಟ್ಟೆ ಇಲ್ಲದಿದ್ದರೆ ಆ ಬೂದು ಪಟ್ಟಿ ಮೂರು ಗಂಟೆ ಕಣ್ಣು ಚುಚ್ಚುತ್ತೆ. 3000 ಲ್ಯೂಮೆನ್ಸ್‌ನಲ್ಲಿ ಚಿತ್ರಕ್ಕೆ ಸಿಗೋದು ಮುಕ್ಕಾಲು, 2250. ಕತ್ತಲೆಯಲ್ಲಿ ಈ ಅಳತೆಗೆ ಧಾರಾಳ. ಸಂಜೆ ಬೆಳಕಿನಲ್ಲಿ ಮಾತ್ರ ಏನೂ ಕಾಣಲ್ಲ, ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಬಿಟ್ಟು ಶುರು ಮಾಡಿ.

ಕೀಸ್ಟೋನ್ ಗುಂಡಿ ಮುಟ್ಟಬೇಡಿ. ಪ್ರೊಜೆಕ್ಟರನ್ನ ಓರೆ ಇಟ್ಟು ಗುಂಡಿಯಲ್ಲಿ ಸರಿಮಾಡಿದರೆ ಚಿತ್ರದ ಸೂಕ್ಷ್ಮ ಹೋಗುತ್ತೆ. ಮೇಜಿನ ಕಾಲಿಗೆ ಇಟ್ಟಿಗೆ ಕೊಟ್ಟು ನೇರ ಮಾಡಿ.

ಜಾಲಿಕಟ್ಟೆ_ಗಾಳಿ
ಮಹಡಿ ಅಂದ್ರೆ ಗಾಳಿ ಮರೀಬೇಡಿ. 48 ಚದರಡಿ ಬಟ್ಟೆ ಗಾಳಿಗೆ ಎದೆ ಕೊಟ್ಟರೆ ಕಂಬ ಸಮೇತ ಮಲಗುತ್ತೆ. ನಾಲ್ಕು ಅಂಚಿಗೂ ಅಡಿಗೊಂದರಂತೆ ಹಗ್ಗ ತೂರಿಸೋ ಕಣ್ಣು ಹೊಡೆಸಿ, ಹಗ್ಗ ಹಾಕಿ ಚೌಕಟ್ಟಿಗೆ ಕಟ್ಟಿ. ಕೆಳಗೆ ಅರ್ಧ ಅಡಿ ಖಾಲಿ ಬಿಡಿ, ಗಾಳಿ ದಾಟಲಿ. ಪರದೆಯ ಬೆನ್ನು ಗಾಳಿ ಬರೋ ದಿಕ್ಕಿಗೆ ಬೇಡ.

ಹೊಂಡದ_ಮೆಟ್ಟಿಲು
ಹಾಡಿನ ಬಗ್ಗೆ ಒಬ್ಬರೂ ಮಾತಾಡ್ಲಿಲ್ಲ. ‘ಬಾರೇ ಬಾರೇ’ ಸ್ಲೋ ಮೋಷನ್ ಆಮೇಲೆ ಲ್ಯಾಬಿನಲ್ಲಿ ನಿಧಾನ ಮಾಡಿದ್ದು ಅಂತ ಒಬ್ಬರು ವಾದ ಮಾಡ್ತಿದ್ದಾರೆ. ಹೌದಾ?

ರೀಲು_ಪೆಟ್ಟಿಗೆ
ವಾದ ಬೇಡ, ಪರೀಕ್ಷೆ ಮಾಡಿ. ವಿಡಿಯೊ ನಿಲ್ಲಿಸಿ ಒಂದೊಂದೇ ಫ್ರೇಮ್ ಮುಂದೆ ಒತ್ತಿ. ಓಡುವ ಕಾಲು, ಹಾರುವ ಸೆರಗು ಪ್ರತಿ ಫ್ರೇಮಿನಲ್ಲೂ ಚೂರು ಚೂರು ಮುಂದೆ ಹೋಗ್ತಿದ್ದರೆ ಕ್ಯಾಮೆರಾದಲ್ಲೇ ವೇಗವಾಗಿ ತೆಗೆದದ್ದು. ಒಂದೇ ಚಿತ್ರ ಎರಡೆರಡು, ಮೂರು ಮೂರು ಸಲ ನಿಂತು ಜಿಗಿದರೆ ಲ್ಯಾಬಿನಲ್ಲಿ ಫ್ರೇಮ್ ಮರುಮುದ್ರಿಸಿದ್ದು. ಒಂದು ಎಚ್ಚರಿಕೆ: ಸೆಕೆಂಡಿಗೆ 30 ಫ್ರೇಮಿಗೆ ಬದಲಿಸಿದ ಫೈಲಾದರೆ ಐದಕ್ಕೊಂದು ಫ್ರೇಮ್ ಹೇಗೂ ಪುನರಾವರ್ತನೆ ಆಗುತ್ತೆ, ಅದನ್ನ ಲೆಕ್ಕಕ್ಕೆ ತಗೋಬೇಡಿ.

ಕ್ಯಾಮೆರಾದಲ್ಲಿ ಮಾಡೋದರ ಕಷ್ಟ ಕೇಳಿ. ಮಾಮೂಲಿ ವೇಗ ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 90 ಅಡಿ ಫಿಲ್ಮು. ಮೂರು ಪಟ್ಟು ನಿಧಾನ ಬೇಕಂದ್ರೆ 72 ಫ್ರೇಮ್, ನಿಮಿಷಕ್ಕೆ 270 ಅಡಿ. 400 ಅಡಿಯ ಮ್ಯಾಗಜಿನ್ ನಾಲ್ಕೂವರೆ ನಿಮಿಷ ಬರೋದು ಒಂದೂವರೆ ನಿಮಿಷಕ್ಕೇ ಖಾಲಿ. ಬಣ್ಣದ ಫಿಲ್ಮು ಅಳೆದು ಅಳೆದು ಕೊಡ್ತಿದ್ದ ಕಾಲ ಅದು. ಬೆಳಕು ಕೂಡ ಮೂರನೇ ಒಂದು ಭಾಗ ಆಗುತ್ತೆ, ಲೆನ್ಸ್ ಒಂದೂವರೆ ಸ್ಟಾಪ್ ತೆರೀಬೇಕು (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು). ಆ ಕಾಲದ ಈಸ್ಟ್‌ಮನ್ ಬಣ್ಣದ ನೆಗೆಟಿವ್ ಬೆಳಕು ಹಿಡಿಯೋ ವೇಗ 100, ಹಗಲಿಗೆ ಕಿತ್ತಳೆ ಫಿಲ್ಟರ್ ಹಾಕಿದರೆ 64. ಸ್ಟುಡಿಯೊ ಒಳಗೆ ಇದು ದೊಡ್ಡ ಪಾಡು. ದುರ್ಗದ ಬಯಲು ಬಂಡೆ ಮೇಲೆ ಬಿಸಿಲಿಗೆ ಬರವಿಲ್ಲ, ಒಂದೂವರೆ ಸ್ಟಾಪ್ ಹೋದರೂ ಧಾರಾಳ. ಈ ಹಾಡಿಗೆ ಜಾಗವೇ ಅರ್ಧ ಕೆಲಸ ಮಾಡಿಕೊಟ್ಟಿದೆ.

ಹೊಂಡದ_ಮೆಟ್ಟಿಲು
ಹಾಗಾದ್ರೆ ತುಟಿ ಚಲನೆ?

ರೀಲು_ಪೆಟ್ಟಿಗೆ
72 ಫ್ರೇಮಿನಲ್ಲಿ ತುಟಿ ಕೂಡಬೇಕಂದ್ರೆ ಸೆಟ್ಟಿನಲ್ಲಿ ಹಾಡನ್ನ ಮೂರು ಪಟ್ಟು ವೇಗವಾಗಿ ಬಿಡಬೇಕು. ನಟರು ಆ ಕೀರಲು ದನಿಗೆ ತುಟಿ ಆಡಿಸಬೇಕು. ಅದಕ್ಕೇ ಇಂಥ ಹಾಡುಗಳಲ್ಲಿ ಓಟ, ನೋಟ, ಸೆರಗು, ಕೂದಲು ಇವಕ್ಕೆ ಹೆಚ್ಚು ಜಾಗ. ಪಿ.ಬಿ. ಶ್ರೀನಿವಾಸ್ ದನಿ ಅಷ್ಟು ನಿರಾಳವಾಗಿ ಹರಿಯುವಾಗ ತುಟಿ ನೋಡೋರು ಯಾರು ಹೇಳಿ.

ದುರ್ಗದ_ಹುಲಿಕಲ್ಲು
ಇದೊಂದು ಒಪ್ಪಿದೆ. ಈಗ ಕೋಟೆ ವಿಷಯ ನಮಗೆ ಬಿಡ್ರಿ.

ದಾವಣಗೆರೆಯಿಂದ 60 ಕಿಲೋಮೀಟರ್ ಹತ್ತಿರ, ಹೆದ್ದಾರಿ 48ರಲ್ಲಿ ನೇರ. ಕೋಟೆ ಬಾಗಿಲು ಬೆಳಿಗ್ಗೆಯೇ ತೆಗೀತಾರೆ, ಏಳಕ್ಕೆ ಮೊದಲು ಒಳಗಿರಿ. ಹನ್ನೊಂದರ ಮೇಲೆ ಬಂಡೆ ಕಾದು ಕೈ ಇಡಕ್ಕಾಗಲ್ಲ. ತಲಾ ಎರಡು ಲೀಟರ್ ನೀರು. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದ್ರೆ ಮಂಗ ಕಿತ್ಕೊಂಡು ಹೋಗ್ತವೆ, ತಿಂಡಿ ಜಿಪ್ ಇರೋ ಬ್ಯಾಗಲ್ಲಿ ಇರಲಿ. ಚಪ್ಪಲಿ ಬೇಡ, ಹಿಡಿತ ಇರೋ ಶೂ. ಮಳೆ ಬಿದ್ದ ಮರುದಿನ ಕಲ್ಲಿನಲ್ಲಿ ಕಡೆದ ಮೆಟ್ಟಿಲು ಜಾರುತ್ತೆ.

ಬಾಗಿಲುಗಳನ್ನ ದಾಟುವಾಗ ಒಂದು ಗಮನಿಸಿ: ದಾರಿ ಎಲ್ಲೂ ನೇರ ಇಲ್ಲ, ಪ್ರತಿ ಬಾಗಿಲ ಮುಂದೆ ತಿರುವು. ಆನೆ ಓಡಿ ಬಂದು ಗುದ್ದಬಾರದು ಅಂತ. ಮದ್ದು ಬೀಸುವ ಕಲ್ಲು ನೋಡ್ಕೊಂಡು ಮೇಲೆ ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ, ಹಿಡಿಂಬೇಶ್ವರ. ದೀಪಸ್ತಂಭ, ಉಯ್ಯಾಲೆ ಕಂಬ ಎಲ್ಲಾ ಆ ಸುತ್ತಲೇ. ಆಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ. ಓಬವ್ವನ ಕಿಂಡಿ, ತಣ್ಣೀರು ದೋಣಿಗೆ ಬೇರೆ ಕವಲು. ಅದನ್ನ ಕೊನೆಗೆ ಇಟ್ಕೊಂಡ್ರೆ ಸುಸ್ತಾಗಿ ಬಿಟ್ಟುಬಿಡ್ತಾರೆ, ಮೊದಲೇ ಮುಗಿಸಿ.

ಮದಕರಿಪುರ_ಎಕ್ಸ್‌ಪ್ರೆಸ್
ಕಿಂಡಿ ಹತ್ತಿರ ಓಬವ್ವ ಗಂಡನ ಜೊತೆ ಕಾವಲು ನಿಂತಿದ್ದಳು ಅಂತ ಹೇಳ್ಕೊಡ್ತಾರಲ್ಲ, ಹಾಗೇ ಹೇಳಬಹುದಾ?

ತರಾಸು_ಓದುಗ
ತಪ್ಪು. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದ. ನೀರು ತರಲು ಹೋದ ಓಬವ್ವ, ಹೈದರಾಲಿ ಕಡೆಯವರು ಕಿಂಡಿಯಲ್ಲಿ ನುಸುಳೋದನ್ನ ಕಂಡು ಒನಕೆ ಹಿಡಿದು ನಿಂತಳು ಅನ್ನೋದು ನಾಡು ಒಪ್ಪಿದ ಕಥೆ. ಕೋಟೆ ಕೊನೆಗೆ ಹೈದರನ ಕೈಸೇರಿದ್ದು 1779ರಲ್ಲಿ. ‘ಕನ್ನಡ ನಾಡಿನ ವೀರ ರಮಣಿಯ’ ಹಾಡಿನಲ್ಲಿ ಜಯಂತಿ ಆ ಕೆಲವೇ ನಿಮಿಷದಲ್ಲಿ ಓಬವ್ವನಿಗೆ ಒಂದು ಮುಖ ಕೊಟ್ಟುಬಿಟ್ಟರು. ಇವತ್ತಿಗೂ ಶಾಲೆ ಮಕ್ಕಳ ವೇಷ ಆ ಹಾಡಿನದೇ. ಕಿಂಡಿಯಲ್ಲಿ ಒಬ್ಬೊಬ್ಬರೇ ಬಗ್ಗಿ ನುಸುಳಬೇಕು. ಹಾಗೆ ಬಗ್ಗಿದವನಿಗೆ ತಲೆ ಎತ್ತೋಕೂ ಆಗಲ್ಲ, ಕತ್ತಿ ಬೀಸೋಕೂ ಆಗಲ್ಲ. ಒಂದು ಒನಕೆ ಯಾಕೆ ಸಾಕಾಯ್ತು ಅಂತ ಅಲ್ಲಿ ನುಸುಳಿದ ಮೇಲೇ ತಿಳಿಯೋದು.

ಮದಕರಿಪುರ_ಎಕ್ಸ್‌ಪ್ರೆಸ್
ಸಿನಿಮಾ ಕೊನೆಯಲ್ಲಿ ಚಾಮಯ್ಯ ಮೇಷ್ಟ್ರು ಬೀಳೋ ಬಂಡೆ ಯಾವುದು? ಕೇಳಿದರೆ ಒಬ್ಬೊಬ್ಬರು ಒಂದೊಂದು ತೋರಿಸ್ತಾರೆ.

ಚೌಕಟ್ಟು
ಯಾರನ್ನೂ ಕೇಳಬೇಡಿ, ಫ್ರೇಮ್ ಕೈಯಲ್ಲಿ ಹಿಡಿದು ಹುಡುಕಿ. ಹುಡುಕೋಕೆ ಒಂದು ಕ್ರಮ ಇದೆ.

ಸಿನಿಮಾದಿಂದ ಹತ್ತು ಹನ್ನೆರಡು ಫ್ರೇಮ್ ಆರಿಸಿ ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಿಸಿ, ಬಿಸಿಲಲ್ಲಿ ಫೋನ್ ಪರದೆ ಕಾಣಲ್ಲ. ಗಿಡಮರ ನಂಬಬೇಡಿ, ಐವತ್ತು ವರ್ಷದಲ್ಲಿ ಎಲ್ಲಾ ಬದಲು. ಬಂಡೆಯ ಹೊರಗೆರೆ, ಬಿರುಕು, ನೀರಿಳಿದ ಕಪ್ಪು ಪಟ್ಟೆ ಇವನ್ನ ನಂಬಿ. ದಿಗಂತದಲ್ಲಿ ಈಗ ಗಾಳಿಯಂತ್ರಗಳು ನಿಂತಿವೆ, ಅವನ್ನ ಮನಸ್ಸಿನಲ್ಲೇ ಅಳಿಸಿಕೊಳ್ಳಬೇಕು.

ಫ್ರೇಮಿನಲ್ಲಿ ಹತ್ತಿರದ ಒಂದು ಬಂಡೆಯ ಅಂಚು, ದೂರದ ಒಂದು ಬತೇರಿ ಅಥವಾ ಗುಡ್ಡದ ತುದಿ ಆರಿಸಿ. ಎರಡೂ ಒಂದಕ್ಕೊಂದು ಕೂಡೋ ರೀತಿ ನೀವು ನಿಂತ ಜಾಗದಿಂದ ಮಾತ್ರ ಬದಲಾಗುತ್ತೆ, ಜೂಮ್ ಮಾಡಿದ್ರೆ ಬದಲಾಗಲ್ಲ. ಎಡಕ್ಕೆ ಬಲಕ್ಕೆ ಸರಿದು ಎರಡೂ ಚಿತ್ರದಲ್ಲಿದ್ದ ಹಾಗೇ ಕೂಡಿದಾಗ ನಿಲ್ಲಿ. ಆಮೇಲೆ ಜೂಮ್. ಜನ ಮಾಡೋ ತಪ್ಪು ಏನಂದ್ರೆ ಫೋನಿನ 1x ಲೆನ್ಸಿನಲ್ಲೇ ಬಂಡೆ ದೊಡ್ಡದಾಗಲಿ ಅಂತ ಮುಂದೆ ಮುಂದೆ ನಡೀತಾರೆ. ಆ ಲೆನ್ಸ್ ತೀರಾ ಅಗಲ. 35 ಎಂಎಂ ಸಿನಿಮಾ ಕ್ಯಾಮೆರಾದ 35ರ ಲೆನ್ಸಿಗೆ ಸಮ ಅಂದ್ರೆ ಫೋನಿನ 2x ಹತ್ತಿರ. ಅದರಿಂದ ಶುರು ಮಾಡಿ.

ಇನ್ನು ಬೀಳೋ ದೃಶ್ಯ. ಅದು ಒಂದೇ ಶಾಟ್ ಅಲ್ಲ. ಮೇಲಿನಿಂದ ನೋಡೋದು, ಕೆಳಗಿನಿಂದ ನೋಡೋದು, ಮುಖ, ಇವನ್ನ ಜೋಡಿಸಿದ್ದು. ಎಲ್ಲಾ ಒಂದೇ ಬಂಡೆಯಲ್ಲಿ ತೆಗೆದಿರಬೇಕು ಅಂತಿಲ್ಲ. ನೆರಳು ನೋಡಿ: ಒಂದು ಶಾಟಿನಲ್ಲಿ ನೆರಳು ಉದ್ದ, ಇನ್ನೊಂದರಲ್ಲಿ ಗಿಡ್ಡ ಇದ್ದರೆ ಹೊತ್ತು ಬೇರೆ, ಜಾಗವೂ ಬೇರೆ ಇರಬಹುದು. ‘ಇದೇ ಬಂಡೆ’ ಅಂತ ಬೆರಳು ತೋರೋ ಮೊದಲು ಎರಡು ಶಾಟ್ ಆದರೂ ಕೂಡಬೇಕು.

ದುರ್ಗದ_ಹುಲಿಕಲ್ಲು
ಕೂಡಿಸೋ ಭರದಲ್ಲಿ ಅಂಚಿಗೆ ಹೋಗಬೇಡ್ರಪ್ಪ. ಗುಂಡಿನ ಮೇಲ್ಮೈ ಪುಡಿ ಬಿಟ್ಕೊಂಡಿರುತ್ತೆ, ಶೂ ಕೆಳಗೆ ಮರಳು ಉರುಳಿದ ಹಾಗೆ ಜಾರುತ್ತೆ. ಕೆಳಗಿನಿಂದಲೇ ನೋಡಿ, ಸಿನಿಮಾದಲ್ಲೂ ಎತ್ತರ ಗೊತ್ತಾಗೋದು ಕೆಳಗಿನ ಶಾಟಿನಲ್ಲೇ.

ನ್ಯಾಯದ_ತಕ್ಕಡಿ
ಕೋಟೆ ಪುರಾತತ್ವ ಇಲಾಖೆ ಸುಪರ್ದಿಯಲ್ಲಿದೆ. ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು, ಡ್ರೋನ್ ತರಲೇಬೇಡಿ.

ಹೊಂಡದ_ಮೆಟ್ಟಿಲು
ಫ್ರೇಮ್ ಹುಡುಕೋರಿಗೆ ಇನ್ನೊಂದು ಉಪಾಯ. ಪುಟ್ಟಣ್ಣನವರೇ 1974ರಲ್ಲಿ ಹಿಂದಿಗೆ ‘ಜಹರೀಲಾ ಇನ್ಸಾನ್’ ಮಾಡಿದ್ರಲ್ಲ, ರಿಷಿ ಕಪೂರ್ ಇರೋದು. ಅದಕ್ಕೂ ದುರ್ಗಕ್ಕೇ ಬಂದರು. ‘ನಾಗರಹಾವು’ ಚಿತ್ರದಲ್ಲಿದ್ದ ಅಂಬರೀಷ್ ಅದರಲ್ಲೂ ಇದ್ದಾರೆ. ಎರಡು ಚಿತ್ರದಲ್ಲೂ ಒಂದೇ ಬಂಡೆ ಬೇರೆ ಕೋನದಿಂದ ಸಿಕ್ಕರೆ ಜಾಗ ಪತ್ತೆ ಸುಲಭ.

ಜಾಲಿಕಟ್ಟೆ_ಗಾಳಿ
ಅದೇ ಬಂಡೆ, ಅದೇ ನಿರ್ದೇಶಕರು, ಆದರೂ ಹಿಂದಿಯಲ್ಲಿ ಹಿಡೀಲಿಲ್ಲ. ಚಾಮಯ್ಯ ಮೇಷ್ಟ್ರ ಕನ್ನಡ ಎಲ್ಲಿಂದ ತರ್ತೀರಿ?

ತರಾಸು_ಓದುಗ
ದುರ್ಗ ಇಷ್ಟಪಟ್ಟೋರು ಇನ್ನೊಂದು ಸಂಜೆಗೆ ‘ಹಂಸಗೀತೆ’ ಇಟ್ಕೊಳ್ಳಿ. 1975, ಜಿ.ವಿ. ಅಯ್ಯರ್, ಅನಂತನಾಗ್. ಅದೂ ತ.ರಾ.ಸು. ಕಾದಂಬರಿಯೇ. ಎಂ. ಬಾಲಮುರಳಿಕೃಷ್ಣ ಅವರಿಗೆ ಆ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಬೆಣ್ಣೆನಗರಿ
ಬಹಳ ಉಪಕಾರ ಆಯ್ತು. 4:3 ಪ್ರತಿ ಅಂತ ತೀರ್ಮಾನ. ಬಿಡುವಿನಲ್ಲಿ ಮಂಡಕ್ಕಿ ಮೆಣಸಿನಕಾಯಿ. ಸೌಂಡಿಗೆ ಎರಡು ಬ್ಲೂಟೂತ್ ಸ್ಪೀಕರ್ ಎಡಬಲ ಇಡ್ತೀವಿ.

ಹಳೇ_ಆಪರೇಟರ್
ಎರಡೂ ಬೇಡ, ಬ್ಲೂಟೂತೂ ಬೇಡ. ಚಿತ್ರದ ಮೂಲ ಧ್ವನಿ ಮೋನೊ, ಎಡಬಲ ಅಂತ ಬೇರೆ ಇಲ್ಲ. ಎಡಬಲ ಇಟ್ಟರೆ ಪಕ್ಕದಲ್ಲಿ ಕೂತವರಿಗೆ ಮೇಷ್ಟ್ರ ಮಾತು ಗೋಡೆಯಿಂದ ಬಂದ ಹಾಗಿರುತ್ತೆ. ಒಂದೇ ದೊಡ್ಡ ಸ್ಪೀಕರ್, ಪರದೆಯ ಕೆಳಗೆ ನಡುಮಧ್ಯ, ಕೂತವರ ಕಿವಿ ಮಟ್ಟಕ್ಕೆ. ಟ್ರೆಬಲ್ ಎರಡು ಅಂಕ ಇಳಿಸಿ, ಹಳೇ ಆಪ್ಟಿಕಲ್ ಟ್ರ್ಯಾಕಿನ (ಫಿಲ್ಮಿನ ಮೇಲೇ ಮುದ್ರಿಸಿದ ಧ್ವನಿಪಟ್ಟಿಯ) ಮೇಲಿನ ಸ್ವರದಲ್ಲಿ ಇರೋದು ಬರೀ ಸರಸರ ಸದ್ದು. ಬ್ಲೂಟೂತಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದವರೆಗೂ ತಡ ಆಗುತ್ತೆ, ತುಟಿ ಮುಂದೆ, ಮಾತು ಹಿಂದೆ. ಇಪ್ಪತ್ತು ಅಡಿ ವೈರ್ ತಗೊಂಡು ಪ್ರೊಜೆಕ್ಟರ್‌ನಿಂದ ಪರದೆವರೆಗೆ ಎಳೀರಿ, ನಡುವೆ ಕಾಲಿಗೆ ಸಿಗದ ಹಾಗೆ ಟೇಪ್ ಹಚ್ಚಿ.

ಬೆಣ್ಣೆನಗರಿ
ವೈರ್ ಇಪ್ಪತ್ತು ಅಡಿ ಸಾಕಾ? ಪ್ರೊಜೆಕ್ಟರ್ ಹದಿನಾರು ಅಡಿ ದೂರ, ಮೇಜಿನಿಂದ ಇಳಿಬೇಕು.

ಹಳೇ_ಆಪರೇಟರ್
ಮೇಜಿನಿಂದ ಇಳಿಯೋಕೆ ಮೂರು, ಗೋಡೆ ಬದಿ ಸುತ್ತಿಸಿದರೆ ಇನ್ನೂ ಎಂಟು ಹತ್ತು. ಮೂವತ್ತೈದು ತಗೊಳ್ಳಿ. ಉಳಿದಿದ್ದನ್ನ ಬಿಗಿಯಾಗಿ ಸುತ್ತಿ ಕರೆಂಟ್ ವೈರಿನ ಪಕ್ಕ ಇಡಬೇಡಿ, ಗುಂಯ್ ಅನ್ನುತ್ತೆ.